ಕಾಲು ಟ್ಯಾಂಕ್ ಇದೆ ಎನ್ನುವ ಮುಳ್ಳನ್ನು ಎಷ್ಟು ನಂಬಬಹುದು?

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿ ತಲುಪುವ ಮೊದಲೇ ನನ್ನ ಹಳೆಯ ಕಾರು ಎರಡು ಸಲ ಕೆಮ್ಮಿ ನಿಂತಿತು. ಮಳೆ ಬೇರೆ ಹೊಯ್ಯುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಕಾಲು ಟ್ಯಾಂಕ್ ಪೆಟ್ರೋಲ್ ಇದೆ ಎನ್ನುತ್ತಿತ್ತು. ಹಾಗಾಗಿ ಪೆಟ್ರೋಲೊಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೆ ಸಂಶಯಪಟ್ಟೆ: ಪ್ಲಗ್, ಕಾಯಿಲ್, ಫಿಲ್ಟರ್, ಮಳೆನೀರು. ಬೈಕಿನಲ್ಲಿ ಬಂದ ಮೆಕ್ಯಾನಿಕ್ ಬಾನೆಟ್ಟಿನ ಕಡೆಗೆ ಹೋಗಲೇ ಇಲ್ಲ. ಕಾರಿನ ಹಿಂಬದಿಗೆ ಬಗ್ಗಿ, ಕೆಳಗಿನ ಟ್ಯಾಂಕಿಗೆ ಬೆರಳ ಗೆಣ್ಣಿನಿಂದ ತಟ್ಟಿದ. ಖಾಲಿ ಕೊಡಪಾನಕ್ಕೆ ತಟ್ಟಿದಾಗ ಬರುವ ಸದ್ದೇ ಬಂತು.

"ಮಾಷ್ಟ್ರೇ, ಇದರಲ್ಲಿ ಪೆಟ್ರೋಲ್ ಇಲ್ಲ. ನೀವು ನೋಡಿದ್ದು ಮುಳ್ಳನ್ನು ಮಾತ್ರ" ಎಂದ.

ಕೇರಳಕ್ಕೆ ಸೇರಿದ ಕಾಸರಗೋಡಿನ ನಮ್ಮ ಗಡಿನಾಡಿನವರಿಗೆ ಆ ಮುಳ್ಳಿನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಕರ್ನಾಟಕದ ಕಡೆ ಪೆಟ್ರೋಲ್ ದರ ಮೊದಲೇ ಕಡಿಮೆಯಿತ್ತು. 2023ರ ಏಪ್ರಿಲ್ 1ರಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಸುರಕ್ಷಾ ಸೆಸ್ ಬಂದ ಮೇಲೆ ಅಂತರ ಇನ್ನಷ್ಟು ಕಣ್ಣಿಗೆ ಬಿತ್ತು. ತಲಪಾಡಿಯ ಆಚೆ ಕರ್ನಾಟಕ. "ತಲಪಾಡಿ ದಾಟುವವರೆಗೆ ಸಾಕಾದೀತೇ?" ಎಂದು ಮುಳ್ಳು ನೋಡಿ ಲೆಕ್ಕ ಹಾಕುವುದು ಮಂಜೇಶ್ವರ, ಉಪ್ಪಳ, ಕುಂಬಳೆಯ ಕಾರಿನವರಿಗೆಲ್ಲ ರೂಢಿ. ಇದರ ಜೊತೆಗೆ ಈಗ ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ಭಾಗ, ಅಂದರೆ 39 ಕಿಲೋಮೀಟರ್, ಆರು ಪಥದ ರಸ್ತೆಯಾಗಿದೆ. ಬಂಕ್ ಕಣ್ಣೆದುರಿಗೇ ಇರುತ್ತದೆ, ಆದರೆ ಅದು ಸರ್ವಿಸ್ ರಸ್ತೆಯಲ್ಲಿ, ನಾವು ನಡುವಿನ ರಸ್ತೆಯಲ್ಲಿ. ಇಳಿಯುವ ದಾರಿ ತಪ್ಪಿತೆಂದರೆ ಮುಂದಿನ ದಾರಿ ಬರುವವರೆಗೆ ಓಡಲೇಬೇಕು. ಮೊದಲೆಲ್ಲ ಸಣ್ಣ ಕಿರಿಕಿರಿಯಾಗಿದ್ದ ಸುಳ್ಳು ಮುಳ್ಳು ಈಗ ಹೆದ್ದಾರಿಯ ನಡುವೆ ನಿಲ್ಲಿಸಬಲ್ಲದು.

## ಮುಳ್ಳಿಗೆ ಪೆಟ್ರೋಲ್ ಕಾಣುವುದಿಲ್ಲ

ಮೊದಲು ಟ್ಯಾಂಕಿನ ಒಳಗೆ ಇಣುಕೋಣ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಇರುತ್ತದಲ್ಲ, ನೀರು ಏರಿದಂತೆ ಚೆಂಡು ಏರುತ್ತದೆ, ಚೆಂಡಿಗೆ ಜೋಡಿಸಿದ ಸರಳು ಕವಾಟವನ್ನು ಮುಚ್ಚುತ್ತದೆ. ಕಾರಿನ ಟ್ಯಾಂಕಿನಲ್ಲೂ ಅಂಥದೇ ಒಂದು ತೇಲುವ ತುಂಡು, ಅದಕ್ಕೊಂದು ತಂತಿಯ ಕೈ. ಈ ಇಡೀ ಜೋಡಣೆಗೆ ಬಿಡಿಭಾಗದ ಅಂಗಡಿಯಲ್ಲಿ ಟ್ಯಾಂಕ್ ಯೂನಿಟ್ ಎನ್ನುತ್ತಾರೆ; ಗ್ಯಾರೇಜಿನಲ್ಲಿ ಬರೀ 'ಫ್ಲೋಟ್' ಎಂದರೂ ನಡೆಯುತ್ತದೆ.

ತಂತಿಯ ಕೈಯ ಇನ್ನೊಂದು ತುದಿಯಲ್ಲಿ ಕವಾಟದ ಬದಲು ಒಂದು ಪಟ್ಟಿ ಇದೆ. ವಿದ್ಯುತ್ತಿಗೆ ಅಡ್ಡಿ ಮಾಡುವ ವಸ್ತುವಿನಿಂದ ಮಾಡಿದ, ಬಾಗಿದ ಸಣ್ಣ ಪಟ್ಟಿ. ಫ್ಲೋಟ್ ಏರಿ ಇಳಿದಂತೆ ಒಂದು ಲೋಹದ ತುದಿ ಈ ಪಟ್ಟಿಯ ಮೇಲೆ ಜಾರುತ್ತದೆ. ವಿದ್ಯುತ್ತು ಪಟ್ಟಿಯಲ್ಲಿ ಎಷ್ಟು ದೂರ ಹರಿಯಬೇಕು ಎನ್ನುವುದು ಆ ತುದಿ ಎಲ್ಲಿ ನಿಂತಿದೆ ಎನ್ನುವುದರ ಮೇಲೆ ನಿಂತಿದೆ. ಹೆಚ್ಚು ದೂರವೆಂದರೆ ಹೆಚ್ಚು ಅಡ್ಡಿ, ಕಡಿಮೆ ಹರಿವು. ಅಡಿಕೆ ತೋಟದ ಕಣಿಯಲ್ಲಿ ಸೋಗೆ ಬಿದ್ದರೆ ನೀರು ಸಣ್ಣಗಾಗುವುದಿಲ್ಲವೇ, ಹಾಗೆ. ಈ ಅಡ್ಡಿಗೆ ಪ್ರತಿರೋಧ ಎಂದು ಹೆಸರು, ಅದನ್ನು ಅಳೆಯುವುದು ಓಮ್ ಎಂಬ ಮಾನದಲ್ಲಿ. ಹಳೆಯ ರೇಡಿಯೋದ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯೊಳಗೆ ಇರುವುದೂ ಇದೇ ಯಂತ್ರ. ಹತ್ತು ವರ್ಷ ತಿರುಗಿಸಿದ ಗುಂಡಿ ಕರಕರ ಎನ್ನುತ್ತಿದ್ದದ್ದು ನೆನಪಿದ್ದರೆ ಟ್ಯಾಂಕ್ ಯೂನಿಟ್ಟಿನ ಮುಪ್ಪು ಹೇಗಿರುತ್ತದೆ ಎಂಬುದು ಅರ್ಧ ಅರ್ಥವಾದಂತೆ.

ಹಾಗಾದರೆ ಇಡೀ ವ್ಯವಸ್ಥೆ ಇಷ್ಟು: ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್ ದಾಟಿ ಮೀಟರಿಗೆ ಬರುತ್ತದೆ, ಅಲ್ಲಿಂದ ವಯರಿನಲ್ಲಿ ಹಿಂದಿನ ಟ್ಯಾಂಕ್ ಯೂನಿಟ್ಟಿಗೆ ಹೋಗುತ್ತದೆ, ಪಟ್ಟಿಯನ್ನು ಹಾದು ಕಾರಿನ ಲೋಹದ ಮೈಗೆ ಸೇರಿ ಬ್ಯಾಟರಿಗೆ ಮರಳುತ್ತದೆ. ಮೈಗೆ ಸೇರುವ ಈ ಕೊನೆಯ ಜೋಡಣೆಗೆ ಮೆಕ್ಯಾನಿಕ್ಕುಗಳು ಅರ್ತ್ ಎನ್ನುತ್ತಾರೆ. ಮುಳ್ಳಿಗೆ ಗೊತ್ತಾಗುವುದು ಈ ಸುತ್ತಿನಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತಿದೆ ಎಂಬುದೊಂದೇ. ನಡುವೆ ಒಂದು ವಯರು ತುಂಡಾದರೂ, ಒಂದು ಬೋಲ್ಟಿಗೆ ತುಕ್ಕು ಹಿಡಿದರೂ ಅದರ ಪಾಲಿಗೆ ಪೆಟ್ರೋಲಿನ ಮಟ್ಟವೇ ಬದಲಾದಂತೆ.

ಇಲ್ಲಿ ಒಂದು ತೊಡಕಿದೆ. ತುಂಬಿದ ಟ್ಯಾಂಕಿಗೆ ಪ್ರತಿರೋಧ ಹೆಚ್ಚಿರಬೇಕೋ ಕಡಿಮೆಯಿರಬೇಕೋ ಎಂಬುದನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ತೀರ್ಮಾನಿಸಿಲ್ಲ. ಹಲವು ಜಪಾನೀ ವಿನ್ಯಾಸದ ಕಾರುಗಳಲ್ಲಿ ತುಂಬಿದಾಗ ಬೆರಳೆಣಿಕೆಯ ಓಮ್, ಖಾಲಿಯಾದಾಗ ನೂರರ ಆಸುಪಾಸು. ಯುರೋಪಿನಲ್ಲಿ ಬಹಳ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಖಾಲಿಗೆ 10 ಓಮ್, ಭರ್ತಿಗೆ 180. ಹಾಗಾಗಿ ಒಂದೇ ವಯರು ಕಡಿದರೆ ಒಂದು ಕಾರು "ಖಾಲಿ" ಎನ್ನುತ್ತದೆ, ಇನ್ನೊಂದು "ಭರ್ತಿ" ಎನ್ನುತ್ತದೆ. ಪಕ್ಕದ ಮನೆಯವರ ಕಾರಿನ ಅನುಭವವನ್ನು ನಮ್ಮ ಕಾರಿಗೆ ಹಚ್ಚಿ ನೋಡುವುದರಲ್ಲಿ ಅರ್ಥವಿಲ್ಲ. ನಮ್ಮ ಕಾರಿನ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲೇ ಸಿಗಬೇಕು.

## ಕೆಡದ ಮೀಟರೂ ಸುಳ್ಳು ಹೇಳುತ್ತದೆ

ರಿಪೇರಿಗೆ ಹೊರಡುವ ಮೊದಲು ಇದು ನಿಜವಾಗಿ ದೋಷವೇ ಎಂದು ಕೇಳಿಕೊಳ್ಳಬೇಕು. ಟ್ಯಾಂಕ್ ತುಂಬಿಸಿ ಬಂದ ಮೇಲೆ ಐವತ್ತು ಅರವತ್ತು ಕಿಲೋಮೀಟರ್ ಓಡಿದರೂ ಮುಳ್ಳು ಕದಲುವುದಿಲ್ಲ, ಆಮೇಲೆ ಅರ್ಧದಿಂದ ಕೆಳಗೆ ದಡದಡ ಇಳಿಯುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಟ್ಯಾಂಕಿನ ಚಾವಣಿಗೆ ಫ್ಲೋಟ್ ತಾಗಿದ ಮೇಲೂ ಇನ್ನಷ್ಟು ಪೆಟ್ರೋಲ್ ಹಿಡಿಯುತ್ತದೆ. ಅದು ಮುಗಿಯುವವರೆಗೆ ಫ್ಲೋಟ್ ಇಳಿಯುವ ಪ್ರಶ್ನೆಯೇ ಇಲ್ಲ. ಟ್ಯಾಂಕೂ ನೆಟ್ಟಗಿನ ಡಬ್ಬಿಯಲ್ಲ. ಸೈಲೆನ್ಸರ್ ಪೈಪಿಗೆ, ಹಿಂದಿನ ಅಚ್ಚಿಗೆ ಜಾಗ ಬಿಟ್ಟು ಉಳಿದ ಸಂದಿನಲ್ಲಿ ಕೂರುವ ಸೊಟ್ಟ ಪಾತ್ರೆ. ಮೇಲೆ ಅಗಲ, ಕೆಳಗೆ ಕಿರಿದಾದ ಪಾತ್ರೆಯಲ್ಲಿ ಒಂದು ಇಂಚು ಎಂದರೆ ಮೇಲೊಂದು ಅಳತೆ, ಕೆಳಗೊಂದು ಅಳತೆ. ಕೆಲವು ಕಂಪನಿಗಳು ಪಟ್ಟಿಯ ಪ್ರತಿರೋಧವನ್ನೇ ಅದಕ್ಕೆ ಹೊಂದಿಸಿ ಮಾಡುತ್ತವೆ, ಕೆಲವು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಏರುತಗ್ಗಿನ ರಸ್ತೆಗಳಲ್ಲಿ ಇನ್ನೊಂದು ಆಟ. ಪೆರ್ಲದ ಕಡೆಯ ಏರು ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಇಳಿಯುವಾಗ ಮುಂದಕ್ಕೆ. ಫ್ಲೋಟ್ ಟ್ಯಾಂಕಿನ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಮುಳ್ಳು ಏರುತ್ತದೆ ಅಥವಾ ಇಳಿಯುತ್ತದೆ. ಮನೆಯ ಎದುರಿನ ಓರೆ ಅಂಗಳದಲ್ಲಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಗೆರೆ ಕಡಿಮೆ ತೋರಿಸಿದರೆ ರಾತ್ರಿ ಯಾರೋ ಪೆಟ್ರೋಲ್ ಕದ್ದರು ಎಂದು ತಿಳಿಯಬೇಕಾಗಿಲ್ಲ.

ಕೀ ತೆಗೆದ ಮೇಲೆ ಕಾಣುವ ಮುಳ್ಳನ್ನು ಓದಲೇಬಾರದು. ಕೆಲವು ಮೀಟರುಗಳಲ್ಲಿ ಅದು ಸೊನ್ನೆಗೆ ಬೀಳುತ್ತದೆ, ಕೆಲವುಗಳಲ್ಲಿ ನಿಂತಲ್ಲೇ ನಿಂತಿರುತ್ತದೆ. ಹೊಸ ಕಾರುಗಳಲ್ಲಿ "ಇನ್ನು ಇಷ್ಟು ಕಿಲೋಮೀಟರ್" ಎಂದು ಬರುವ ಅಂಕಿ ಇದೆಯಲ್ಲ, ಅದು ಅಳತೆಯಲ್ಲ, ಊಹೆ. ಇತ್ತೀಚೆಗೆ ಓಡಿಸಿದ ರೀತಿಯಿಂದ ಲೆಕ್ಕ ಹಾಕಿದ್ದು. ಹೆದ್ದಾರಿಯಲ್ಲಿ ಹದವಾಗಿ ಬಂದು ಬಾಯಾರಿನ ಕಡೆಗೆ ಏರತೊಡಗಿದರೆ ಆ ಅಂಕಿ ಕಣ್ಣೆದುರಿಗೇ ಕರಗುತ್ತದೆ.

ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ "ಮುಳ್ಳು ಬೇಗ ಇಳಿಯುತ್ತದೆ, ಮೀಟರ್ ಕೆಟ್ಟಿರಬೇಕು" ಎನ್ನುವವರಿದ್ದಾರೆ. ಮೀಟರ್ ತೋರಿಸುವುದು ಎಷ್ಟಿದೆ ಎಂಬುದನ್ನು, ಅದರಲ್ಲಿ ಕಸುವು ಎಷ್ಟಿದೆ ಎಂಬುದನ್ನಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿ. ಅದರ 20 ಶೇಕಡಾ ಬೆರೆತರೆ ಮೈಲೇಜ್ ಸ್ವಲ್ಪ ತಗ್ಗುವುದು ಸಹಜ, ಮುಳ್ಳು ಅದನ್ನು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿದೆ.

ಮತ್ತೊಂದು ಜಗಳ ಬಂಕಿನಲ್ಲಿ. ಸಾವಿರ ರೂಪಾಯಿಗೆ ಹಾಕಿಸಿದರೂ ಮುಳ್ಳು ಏರಲಿಲ್ಲ, ಆದ್ದರಿಂದ ಬಂಕಿನವರು ಮೋಸ ಮಾಡಿದರು ಎಂಬ ವಾದ. ಮೋಸವೇ ಆಗಿರಬಹುದು, ಆದರೆ ಸಾಕ್ಷಿ ಹೇಳಲು ಮುಳ್ಳಿಗೆ ಯೋಗ್ಯತೆ ಇಲ್ಲ. ಅನುಮಾನವಿದ್ದರೆ ಬಂಕಿನಲ್ಲಿ ಇರಿಸಿರಲೇಬೇಕಾದ, ಕಾನೂನುಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. ಅದರಲ್ಲಿ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ.

## ಮೀಟರಿನಲ್ಲಿ ಮೂರು ತಲೆಮಾರು

ಟ್ಯಾಂಕಿನ ಕಡೆ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಡ್ಯಾಶ್‌ಬೋರ್ಡಿನ ಕಡೆ. ಅದಕ್ಕೂ ಹಿಂದೆ ಮೀಟರೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕ್ ಸೀಟಿನ ಅಡಿಯಲ್ಲಿತ್ತು, ಮರದ ಕಡ್ಡಿ ಅದ್ದಿ ನೋಡಬೇಕಿತ್ತು. ಎಂಜಿನ್ನಿಗೆ ಪೆಟ್ರೋಲ್ ಹರಿಯುತ್ತಿದ್ದದ್ದು ತನ್ನ ಭಾರದಿಂದ. ಟ್ಯಾಂಕ್ ತಳ ಕಂಡಿದ್ದರೆ ಕಡಿದಾದ ಏರನ್ನು ಜನ ರಿವರ್ಸ್ ಗೇರಿನಲ್ಲಿ, ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ನಾವು ಸ್ಕೂಟರನ್ನು ಓರೆಮಾಡಿ ಗಳಗಳ ಸದ್ದು ಕೇಳಿ ತೀರ್ಮಾನಿಸುತ್ತಿದ್ದದ್ದು ಇದಕ್ಕಿಂತ ಬಹಳ ಮುಂದುವರಿದದ್ದೇನೂ ಅಲ್ಲ.

ಮೊದಲ ತಲೆಮಾರಿನ ಮೀಟರಿನಲ್ಲಿ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ, ಅದಕ್ಕೆ ಸುತ್ತಿದ ತಂತಿ. ವಿದ್ಯುತ್ತು ಹರಿದು ತಂತಿ ಬಿಸಿಯಾದರೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಬಿಸಿಯಾಗಲು ಹೊತ್ತು ಬೇಕು, ಆದ್ದರಿಂದ ಕೀ ತಿರುಗಿಸಿದ ಮೇಲೆ ಮುಳ್ಳು ಸೋಮಾರಿಯಂತೆ ಏಳುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಇದು ಕೆಡುತ್ತದೆಂದು ಜೊತೆಗೊಂದು ಸ್ಟೆಬಿಲೈಸರ್ ಇಡುತ್ತಿದ್ದರು. ಎರಡನೆಯದರಲ್ಲಿ ಅಡ್ಡಡ್ಡ ಸುತ್ತಿದ ಕಾಯಿಲುಗಳ ನಡುವೆ ಒಂದು ಅಯಸ್ಕಾಂತ ತಿರುಗುತ್ತದೆ. ಮೂರನೆಯದು ಈಗಿನದು: ಟ್ಯಾಂಕ್ ಯೂನಿಟ್ಟಿನ ಪ್ರತಿರೋಧವನ್ನು ಮೊದಲು ಕಂಪ್ಯೂಟರ್ ಓದುತ್ತದೆ, ತಿರುವುಗಳಲ್ಲಿ ಪೆಟ್ರೋಲ್ ತುಳುಕಿದ್ದನ್ನು ಲೆಕ್ಕದಿಂದ ಬಿಟ್ಟು ಸರಾಸರಿ ತೆಗೆಯುತ್ತದೆ, ಆಮೇಲೆ ಪುಟ್ಟ ಮೋಟಾರಿಗೆ ಅಪ್ಪಣೆ ಕೊಟ್ಟು ಮುಳ್ಳನ್ನು ತಿರುಗಿಸುತ್ತದೆ, ಇಲ್ಲವೇ ಪರದೆಯ ಮೇಲೆ ಗೆರೆಗಳನ್ನು ಬೆಳಗಿಸುತ್ತದೆ. ಪರೀಕ್ಷೆ ಮಾಡುವಾಗ ಈ ವ್ಯತ್ಯಾಸ ಬಹಳ ಮುಖ್ಯವಾಗುತ್ತದೆ.

ಕೆಂಪು ಅಥವಾ ಹಳದಿಯ ಎಚ್ಚರಿಕೆ ದೀಪದ ಕಥೆಯೇ ಬೇರೆ. ಹಲವು ಹಳೆಯ ಕಾರುಗಳಲ್ಲಿ ಅದಕ್ಕೆ ಪ್ರತ್ಯೇಕ ಸಂವೇದಕವಿತ್ತು, ಟ್ಯಾಂಕಿನ ತಳದ ಹತ್ತಿರ ಒಂದು ಗುಂಡುಸೂಜಿ ತಲೆಯಂಥ ತುಣುಕು. ಪೆಟ್ರೋಲಿನಲ್ಲಿ ಮುಳುಗಿರುವವರೆಗೆ ಅದು ತಂಪಾಗಿದ್ದು ವಿದ್ಯುತ್ತನ್ನು ತಡೆಯುತ್ತದೆ; ಪೆಟ್ರೋಲ್ ಇಳಿದು ಗಾಳಿಗೆ ತೆರೆದುಕೊಂಡರೆ ಬೆಚ್ಚಗಾಗಿ ದಾರಿ ಬಿಡುತ್ತದೆ, ದೀಪ ಹೊತ್ತುತ್ತದೆ. ಮುಳ್ಳು ಅರ್ಧ ತೋರಿಸುತ್ತಿರುವಾಗ ದೀಪ ಹೊತ್ತಿದರೆ ದೀಪವನ್ನೇ ನಂಬಿ. ನನ್ನ ಕಾರಿನಲ್ಲಿ ಆ ಬಲ್ಬ್ ಯಾವಾಗಲೋ ಸುಟ್ಟುಹೋಗಿತ್ತು, ನಾನು ಗಮನಿಸಿರಲಿಲ್ಲ.

## ಮುಳ್ಳಿನ ನಡೆ ನೋಡಿ ರೋಗ ಊಹಿಸುವುದು

ಮೂರು ನಾಲ್ಕು ದಿನ ಸುಮ್ಮನೆ ಗಮನಿಸುವುದು ಒಳ್ಳೆಯದು. ಇದಕ್ಕೆ ಖರ್ಚಿಲ್ಲ.

ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್ ಸದ್ದಿನ ತಾಳಕ್ಕೆ ಮುಳ್ಳೂ ಕುಣಿಯುತ್ತದೆಯೇ? ಹೆಡ್‌ಲೈಟ್ ಹಾಕಿದೊಡನೆ ಒಂದು ಗೆರೆ ಸರಿಯುತ್ತದೆಯೇ? ಹಾಗಿದ್ದರೆ ಟ್ಯಾಂಕನ್ನು ಮುಟ್ಟಬೇಡಿ. ದೀಪವೂ ಮೀಟರೂ ಹಂಚಿಕೊಂಡ ಅರ್ತ್ ಜೋಡಣೆ ಸಡಿಲಾಗಿದೆ ಅಥವಾ ತುಕ್ಕು ಹಿಡಿದಿದೆ. ಕಡಲ ಗಾಳಿ ಬೀಸುವ ನಮ್ಮೂರಿನಲ್ಲಿ, ಅದರಲ್ಲೂ ನಾಲ್ಕು ತಿಂಗಳ ಮಳೆಯ ನಂತರ, ನಾನು ಮೊದಲು ಸಂಶಯಿಸುವುದು ಇದನ್ನೇ. ಕೆಂಪು ಮಣ್ಣಿನ ಕೆಸರು ಒಣಗಿ ಕೂತ ಬೋಲ್ಟಿನ ಕೆಳಗೆ ಲೋಹ ಪುಡಿಯಾಗಿರುವುದು ಬಿಚ್ಚಿದಾಗಲೇ ಕಾಣುವುದು.

ಪೆಟ್ರೋಲ್ ಮುಳ್ಳಿನ ಜೊತೆಗೆ ಎಂಜಿನ್ ಬಿಸಿಯ ಮುಳ್ಳೂ ಅಡ್ಡಾದಿಡ್ಡಿ ಹೋದರೆ ಎರಡಕ್ಕೂ ಸಾಮಾನ್ಯವಾದದ್ದನ್ನು ನೋಡಬೇಕು: ಫ್ಯೂಸ್, ಹಳೆಯ ಕಾರಾದರೆ ಸ್ಟೆಬಿಲೈಸರ್, ಮೀಟರುಗಳ ಹಿಂದಿನ ಕಪ್ಲರ್, ಅಂದರೆ ವಯರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ. ಎರಡು ಯಂತ್ರಗಳು ಒಂದೇ ದಿನ ತಾವಾಗಿಯೇ ಕೆಡುವುದು ಅಪರೂಪ.

ಕೆಲವು ಮಟ್ಟಗಳಲ್ಲಿ ಸರಿಯಾಗಿದ್ದು, ಒಂದು ಜಾಗದಲ್ಲಿ ಮಾತ್ರ ಮುಳ್ಳು ಬಿದ್ದು ಎದ್ದು ಮಾಡಿದರೆ ಪಟ್ಟಿ ಆ ಜಾಗದಲ್ಲಿ ಸವೆದಿದೆ. ಯಾವಾಗಲೂ ಇನ್ನೂರು ಮುನ್ನೂರು ರೂಪಾಯಿಗೆ ಹಾಕಿಸಿ ಕಾಲು ಟ್ಯಾಂಕಿನ ಸುತ್ತಲೇ ಓಡಿಸುವವರ ಕಾರಿನಲ್ಲಿ ಸವೆಯುವುದೂ ಕಾಲಿನ ಹತ್ತಿರವೇ. ಅದೇ ಅಭ್ಯಾಸ ಇನ್ನೊಂದಕ್ಕೂ ಹಾನಿ. ಈಗಿನ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲ್.

ಟ್ಯಾಂಕ್ ತುಂಬಿಸಿದರೂ ಮುಳ್ಳು ಮೇಲೇರದೆ, ದಿನದಿಂದ ದಿನಕ್ಕೆ ಕಡಿಮೆ ತೋರಿಸುತ್ತಾ ಬಂದರೆ ಫ್ಲೋಟ್ ಒಡೆದಿರಬಹುದು. ಟೊಳ್ಳು ಫ್ಲೋಟಿನೊಳಗೆ ಪೆಟ್ರೋಲ್ ಹೊಕ್ಕು ಅದು ಮುಳುಗುತ್ತದೆ. ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಣ ತೆಂಗಿನಕಾಯಿಯ ನೀರಿನಂತೆ ಸದ್ದು ಕೇಳುತ್ತದೆ. ಸದಾ ಖಾಲಿ ಅಥವಾ ಸದಾ ಭರ್ತಿ ಎಂದು ಒಂದು ತುದಿಗೆ ಅಂಟಿಕೊಂಡಿದ್ದರೆ ವಯರು ಕಡಿದಿರಬಹುದು ಅಥವಾ ಎಲ್ಲಾದರೂ ಕಾರಿನ ಮೈಗೆ ತಾಗಿರಬಹುದು. ಕಾಡಿನಂಚಿನ ಮನೆಗಳಲ್ಲಿ ಇಲಿ ಕಡಿದ ವಯರನ್ನೂ ಮರೆಯಬಾರದು.

## ಟ್ಯಾಂಕ್ ಬಿಚ್ಚುವ ಮೊದಲು ಮಾಡುವ ಪರೀಕ್ಷೆ

ಪರೀಕ್ಷೆಯ ಉಪಾಯ ಬಹಳ ಸರಳ. ಹಗ್ಗವನ್ನು ನಡುವೆ ಹಿಡಿದು ದೋಷ ಯಾವ ಅರ್ಧದಲ್ಲಿದೆ ಎಂದು ಕೇಳುವುದು. ಆ ನಡುವಿನ ಜಾಗವೇ ಟ್ಯಾಂಕ್ ಯೂನಿಟ್ಟಿನ ಮೇಲಿನ ಕಪ್ಲರ್. ಹಲವು ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಅಡಿ ಒಂದು ಮುಚ್ಚಳ ತೆಗೆದರೆ ಸಿಗುತ್ತದೆ. ಕೆಲವದರಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕು, ಅಂಥದ್ದು ಗ್ಯಾರೇಜಿನವರ ಕೆಲಸ.

ಫ್ಯೂಸ್ ಸರಿಯಿದೆ ಎಂದು ನೋಡಿಕೊಂಡು, ಕೀ ತೆಗೆದು, ಕಪ್ಲರ್ ಬಿಡಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ವಯರುಗಳಿರುತ್ತವೆ. ಕೆಲವು ಪಂಪಿಗೆ, ಒಂದು ಮೀಟರಿಗೆ, ಒಂದು ಅರ್ತಿಗೆ. ಯಾವುದು ಯಾವುದೆಂದು ಸರ್ವಿಸ್ ಪುಸ್ತಕದ ಬಣ್ಣಗಳಿಂದ ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಪಂಪಿನ ವಯರನ್ನು ಅರ್ತಿಗೆ ತಾಗಿಸಿದರೆ ಫ್ಯೂಸ್ ಹಾರುವುದಷ್ಟೇ ಅಲ್ಲ, ಕಿಡಿಯೂ ಹಾರೀತು, ಅದೂ ಟ್ಯಾಂಕಿನ ತಲೆಯ ಮೇಲೆ.

ಹಳೆಯ ಮೆಕ್ಯಾನಿಕ್ಕುಗಳು ಮೀಟರಿನ ವಯರನ್ನು ನೇರ ಅರ್ತಿಗೆ ತಾಗಿಸಿ, ಮುಳ್ಳು ಒಂದು ತುದಿಗೆ ಹೋಗುತ್ತದೆಯೇ, ಬಿಟ್ಟರೆ ಇನ್ನೊಂದು ತುದಿಗೆ ಬರುತ್ತದೆಯೇ ಎಂದು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಒರಟು ವಿಧಾನ. ಹಳೆಯ ಮೀಟರಿನ ತಂತಿ ಅತಿಯಾಗಿ ಬಿಸಿಯಾಗಬಹುದು, ಕಂಪ್ಯೂಟರ್ ಇರುವ ಕಾರಿನಲ್ಲಂತೂ ಮಾಡಲೇಬಾರದು. ಅದಕ್ಕಿಂತ ಒಳ್ಳೆಯದು ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪ್ರತಿರೋಧಕಗಳು (ರೆಸಿಸ್ಟರ್). ನಮ್ಮ ಕಾರಿನ ಭರ್ತಿಗೆ, ಅರ್ಧಕ್ಕೆ, ಖಾಲಿಗೆ ಹತ್ತಿರದ ಓಮ್ ಇರುವ ಮೂರನ್ನು ತಂದು, ಯೂನಿಟ್ಟಿನ ಬದಲು ಒಂದೊಂದನ್ನೇ ಮೀಟರಿನ ವಯರಿಗೂ ಅರ್ತ್ ವಯರಿಗೂ ನಡುವೆ ಜೋಡಿಸಬೇಕು. ಜೋಡಿಸಿ ಆದ ಮೇಲಷ್ಟೇ ಕೀ ಹಾಕುವುದು, ಬದಲಿಸುವಾಗ ಮತ್ತೆ ತೆಗೆಯುವುದು. ಬಿಸಿಯಿಂದ ನಡೆಯುವ ಮೀಟರಾದರೆ ಅರ್ಧ ನಿಮಿಷ ಕಾಯಬೇಕು. ಮುಳ್ಳು ಮೂರೂ ಸಲ ಸರಿಯಾದ ಜಾಗಕ್ಕೆ ಬಂದರೆ ಮೀಟರ್, ವಯರು, ಅರ್ತ್ ಮೂರೂ ನಿರಪರಾಧಿಗಳು, ಕಳ್ಳ ಟ್ಯಾಂಕಿನೊಳಗಿದ್ದಾನೆ. ಬಾರದಿದ್ದರೆ ಟ್ಯಾಂಕ್ ಬಿಚ್ಚುವ ಅಗತ್ಯವೇ ಇಲ್ಲ.

ಇನ್ನು ವಿದ್ಯುತ್ತಿನ ಪ್ರತಿರೋಧ ಅಳೆಯುವ ಮಲ್ಟಿಮೀಟರನ್ನು 200 ಓಮ್ ಅಳತೆಗೆ ಇಟ್ಟು, ಯೂನಿಟ್ಟಿನಲ್ಲಿ ಮೀಟರಿಗೂ ಅರ್ತಿಗೂ ಸೇರಿದ ಎರಡು ಕಡ್ಡಿಗಳಿಗೆ (ಪಿನ್) ಹಿಡಿದರೆ ಫ್ಲೋಟ್ ಈಗ ಎಲ್ಲಿದೆ ಎಂದು ಅಂಕಿಯಲ್ಲೇ ತಿಳಿಯುತ್ತದೆ. ಕಾರನ್ನು ಮೆಲ್ಲಗೆ ಅಲುಗಾಡಿಸಿದರೆ ಪೆಟ್ರೋಲ್ ತುಳುಕಿ ಅಂಕಿಯೂ ಅಲುಗಾಡಬೇಕು. ಅರ್ತಿನ ಪರೀಕ್ಷೆಯೂ ಇದೇ ಯಂತ್ರದಿಂದ: ಕಪ್ಲರಿನ ಅರ್ತ್ ವಯರಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಒಂದು ಓಮಿಗಿಂತ ಕಡಿಮೆ ಇರಬೇಕು. ಖಾಲಿಗೂ ಭರ್ತಿಗೂ ನಡುವೆ ಇರುವುದೇ ನೂರು ಓಮ್ ಎಂದಾದರೆ, ತುಕ್ಕು ಹಿಡಿದ ಬೋಲ್ಟ್ ಸೇರಿಸುವ ಇಪ್ಪತ್ತು ಓಮ್ ಟ್ಯಾಂಕಿನ ಐದನೆಯ ಒಂದು ಪಾಲನ್ನೇ ನುಂಗಿಹಾಕುತ್ತದೆ.

ಹೊಸ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಕಂಪ್ಯೂಟರಿಗೆ ಟ್ಯಾಂಕಿನಿಂದ ಯಾವ ಸುದ್ದಿ ತಲುಪುತ್ತಿದೆ ಎಂದು ನೇರವಾಗಿ ಓದಬಹುದು. ಒಳಬಂದ ಸುದ್ದಿ ಸರಿಯಿದ್ದು ಮುಳ್ಳು ತಪ್ಪಾಗಿದ್ದರೆ ದೋಷ ಮೀಟರಿನದು.

## ಟ್ಯಾಂಕ್ ತೆರೆಯುವುದಾದರೆ

ಇಲ್ಲಿ ಸ್ವಲ್ಪ ಗದರಿಸಿಯೇ ಹೇಳಬೇಕು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹಾರಿಹೋಗದೆ ನೆಲದಲ್ಲಿ ಹರಿಯುತ್ತದೆ, ತಗ್ಗಿನಲ್ಲಿ ತಂಗುತ್ತದೆ. ಗಾಳಿಯಲ್ಲಿ ಅದು ಶೇಕಡಾ ಒಂದೂವರೆಯಷ್ಟು ಬೆರೆತರೂ ಸಾಕು, ಒಂದು ಕಿಡಿಗೆ ಕಾಯುತ್ತಿರುತ್ತದೆ. ಮೂರು ಕಡೆ ಗೋಡೆಯಿರುವ ಶೆಡ್ಡಿನಲ್ಲಿ, ಪಕ್ಕದಲ್ಲಿ ಬಚ್ಚಲ ಒಲೆ ಉರಿಯುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬಾರದು. ಬಯಲಲ್ಲಿ, ಹಗಲಲ್ಲಿ, ಬ್ಯಾಟರಿಯ ನೆಗೆಟಿವ್ ಬಿಡಿಸಿ, ಪುಡಿ ತುಂಬಿದ ಅಗ್ನಿಶಾಮಕವನ್ನು ಕೈಗೆಟಕುವಲ್ಲಿ ಇಟ್ಟುಕೊಂಡೇ ಮಾಡಬೇಕು. ಇಂಜೆಕ್ಷನ್ ಎಂಜಿನ್ನಾದರೆ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಅದನ್ನು ಇಳಿಸದೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಇದರಲ್ಲಿ ಒಂದಾದರೂ ಗೊತ್ತಿಲ್ಲವೆಂದಾದರೆ ಮೇಲಿನ ಪರೀಕ್ಷೆಗಳವರೆಗೆ ಸಾಕು, ಮುಂದಿನದು ತಿಳಿದವರಿಗೆ ಬಿಡಿ.

ಬಿಚ್ಚುವ ಮೊದಲು ಮುಚ್ಚಳದ ಸುತ್ತಲಿನ ಧೂಳು ಗುಡಿಸಬೇಕು, ಇಲ್ಲವಾದರೆ ಅದೆಲ್ಲ ಒಳಕ್ಕೆ. ಯೂನಿಟ್ಟನ್ನು ಎತ್ತುವಾಗ ಓರೆ ಮಾಡಿ ಮೆಲ್ಲಗೆ ಎತ್ತಬೇಕು. ಎಳೆದಾಡಿದರೆ ತಂತಿಯ ಕೈ ಬಾಗುತ್ತದೆ, ಹೊಸ ರೋಗ ಹುಟ್ಟುತ್ತದೆ. ಹೊರಬಂದ ಯೂನಿಟ್ಟನ್ನು ಕಾರಿನಿಂದ ದೂರ ಒಯ್ದು, ಒರೆಸಿ, ಆವಿ ಆರಿದ ಮೇಲೆ ಮಲ್ಟಿಮೀಟರ್ ಹಚ್ಚಿ ಕೈಯನ್ನು ತಳದಿಂದ ತುದಿಗೆ ನಿಧಾನ ಎತ್ತಬೇಕು. ಅಂಕಿ ಒಂದೇ ಸಮನೆ ಏರುತ್ತಾ ಅಥವಾ ಇಳಿಯುತ್ತಾ ಹೋಗಬೇಕು. ನಡುವೆ ಜಿಗಿದರೆ, ಮಾಯವಾದರೆ, ಅಲ್ಲಿ ಪಟ್ಟಿ ಸವೆದಿದೆ ಅಥವಾ ಕೊಳೆಯಾಗಿದೆ.

ಕೊಳೆಯ ಬಗ್ಗೆ ಒಂದು ಮಾತು. ಹಲವು ಯೂನಿಟ್ಟುಗಳಲ್ಲಿ ತಾಗುವ ಭಾಗಕ್ಕೆ ಬೆಳ್ಳಿಯ ಅಂಶವಿರುತ್ತದೆ. ದೇವರ ಕೋಣೆಯ ಬೆಳ್ಳಿ ಹರಿವಾಣ ಕಪ್ಪಾಗುವುದು ಗಂಧಕದಿಂದ. ಪೆಟ್ರೋಲಿನ ಗಂಧಕವೂ ಇಲ್ಲಿ ಅದೇ ಕೆಲಸ ಮಾಡುತ್ತದೆ, ಆ ಕಪ್ಪು ಪದರ ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. 2004ರಲ್ಲಿ ಅಮೆರಿಕದ ಫ್ಲೋರಿಡಾ, ಲೂಸಿಯಾನ ಕಡೆ ಗಂಧಕ ಹೆಚ್ಚಾಗಿದ್ದ ಪೆಟ್ರೋಲ್ ಮಾರುಕಟ್ಟೆಗೆ ಬಂದು ಕಾರುಗಳ ಇಂಧನ ಮೀಟರುಗಳು ಸಾಲಾಗಿ ಕೆಟ್ಟಿದ್ದವು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 (ವಾಹನದ ಹೊಗೆ ಮಾಲಿನ್ಯದ ಮಾನದಂಡ) ಇಂಧನ ಬಂದು ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿದಿದೆ.

## ಏನನ್ನು ತೊಳೆಯುವುದು, ಏನನ್ನು ಬದಲಿಸುವುದು

ಅರ್ತಿನ ದೋಷ ಎಲ್ಲಕ್ಕಿಂತ ಅಗ್ಗ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಎರಡು ಮೂರು ಮಳೆಗಾಲಕ್ಕೆ ಚಿಂತೆಯಿಲ್ಲ. ಕಪ್ಲರಿನ ಒಳಗೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು, ಕಡ್ಡಿಗಳು ತಿಂದುಹೋಗಿದ್ದರೆ ಮಾತ್ರ ಹೊಸದು.

ಪಟ್ಟಿ ಕಪ್ಪಾಗಿದ್ದರೆ ಅದೇ ಸ್ಪ್ರೇ ಹಾಕಿ ಹತ್ತಿಯಿಂದ ಒರೆಸಬಹುದು. ಉಪ್ಪುಕಾಗದ ಮುಟ್ಟಿಸಬಾರದು, ಕೂದಲೆಳೆಯಷ್ಟು ತೆಳುವಾದ ಪದರ ಅದರ ಜೊತೆಗೇ ಹೋಗುತ್ತದೆ. ಜಾರುವ ತುದಿಯನ್ನು ಒಂದಿಷ್ಟು ಬಾಗಿಸಿ ಸವೆಯದ ಜಾಗಕ್ಕೆ ತಾಗುವಂತೆ ಮಾಡುವ ಕೈಚಳಕ ಕೆಲವರಲ್ಲಿದೆ. ಅದು ಹೊಸ ಯೂನಿಟ್ ಬರುವವರೆಗಿನ ಸಮಾಧಾನ ಎಂದೇ ತಿಳಿಯಬೇಕು. ತೂತಾದ ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕುವುದಂತೂ ಬೇಡವೇ ಬೇಡ. ಒಳಗಿನ ಆವಿ ಕಾದರೆ ಅದು ಪಟಾಕಿ.

ಹೊಸ ಯೂನಿಟ್ ಕೊಳ್ಳುವಾಗ ಆಕಾರ ಒಂದೇ ಆಗಿದ್ದರೆ ಸಾಲದು, ಖಾಲಿ ಮತ್ತು ಭರ್ತಿಯ ಓಮ್ ಒಂದೇ ಆಗಿರಬೇಕು. ತಪ್ಪು ಯೂನಿಟ್ ಹಾಕಿದರೆ ಮುಳ್ಳು ಉಲ್ಟಾ ನಡೆಯುವ ವಿಚಿತ್ರವನ್ನೂ ನೋಡಬಹುದು. ಪಂಪೂ ಫ್ಲೋಟೂ ಸೇರಿದ ಇಡೀ ಜೋಡಣೆಯನ್ನೇ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದರೆ, ಫ್ಲೋಟಿನ ಭಾಗ ಬೇರೆಯಾಗಿ ಸಿಗುತ್ತದೆಯೇ ಎಂದು ಬಿಡಿಭಾಗದ ಅಂಗಡಿಯಲ್ಲಿ ಒಮ್ಮೆ ವಿಚಾರಿಸುವುದು ಲೇಸು. ಮುಚ್ಚುವಾಗ ಹಳೆಯ ರಬ್ಬರ್ ಸೀಲನ್ನು ಮತ್ತೆ ಹಾಕಬಾರದು. ಅದು ಪೆಟ್ರೋಲ್ ಹೀರಿ ಉಬ್ಬಿರುತ್ತದೆ, ಸರಿಯಾಗಿ ಕೂರುವುದಿಲ್ಲ, ಆಮೇಲೆ ಕಾರಿನೊಳಗೆಲ್ಲ ವಾಸನೆ.

ಕೆಲಸ ಮುಗಿದ ಮೇಲೆ ಐದೈದು ಲೀಟರ್ ಹಾಕಿಸುತ್ತಾ ಮುಳ್ಳು ಎಲ್ಲೆಲ್ಲಿ ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಅದೇ ನಮ್ಮ ಕಾರಿನ ನಿಜವಾದ ಅಳತೆಪಟ್ಟಿ.

## ನನ್ನ ಕಾರಿಗೆ ಆದದ್ದು

ಮೂರು ಪ್ರತಿರೋಧಕಗಳ ಪರೀಕ್ಷೆಯಲ್ಲಿ ನನ್ನ ಮೀಟರ್ ಪಾಸಾಯಿತು. ಅರ್ತ್ ಸರಿಯಿತ್ತು. ಯೂನಿಟ್ಟನ್ನು ಹೊರತೆಗೆದು ಅಂಗಳದ ಹಲಗೆಯ ಮೇಲಿಟ್ಟು ಕೈಯಿಂದ ಎತ್ತಿ ಇಳಿಸಿದಾಗ ಅಂಕಿ ಎಲ್ಲೂ ಜಿಗಿಯದೆ ತುದಿಯಿಂದ ತುದಿಗೆ ಹೋಯಿತು. ಫ್ಲೋಟನ್ನು ಅಲ್ಲಾಡಿಸಿದರೆ ಸದ್ದಿಲ್ಲ. ತಿರುಗಿ ಟ್ಯಾಂಕಿನೊಳಗೆ ಇಟ್ಟರೆ ಮಾತ್ರ ಕಾಲು ಟ್ಯಾಂಕಿನ ಅಂಕಿಯಿಂದ ಕೆಳಕ್ಕೆ ಇಳಿಯಲೊಲ್ಲದು. ವಿದ್ಯುತ್ತಿನ ದಾರಿಯಲ್ಲಿ ತಪ್ಪೇ ಇಲ್ಲದಾಗ ಉಳಿದದ್ದು ಪಾತ್ರೆ.

ಮೆಕ್ಯಾನಿಕ್ ಕಾರಿನ ಅಡಿಗೆ ನುಸುಳಿ, "ಮಾಷ್ಟ್ರೇ, ನಿಮ್ಮ ಗೇಟಿನ ಹತ್ತಿರ ಮುರಕಲ್ಲು ಇದೆಯಲ್ಲವೇ?" ಎಂದು ಕೇಳಿದ. ಇದೆ. ಟ್ಯಾಂಕಿನ ತಳ ಒಂದು ಬೋಗುಣಿಯಷ್ಟು ಒಳಕ್ಕೆ ತಗ್ಗಿತ್ತು, ತಗ್ಗಿನ ಅಂಚಿನಲ್ಲಿ ಕಲ್ಲಿನ ಕೆಂಪು ಪುಡಿ ಇನ್ನೂ ಅಂಟಿಕೊಂಡಿತ್ತು. ಒಳಗೆ ಆ ತಗ್ಗು ಗುಡ್ಡೆಯಾಗಿ ಎದ್ದಿತ್ತು. ಪೆಟ್ರೋಲ್ ಇಳಿಯುತ್ತಾ ಹೋದಾಗ ಫ್ಲೋಟ್ ಆ ಗುಡ್ಡೆಯ ಮೇಲೆ ಕುಳಿತುಬಿಡುತ್ತಿತ್ತು, ಕೆಳಗಿನ ಪೆಟ್ರೋಲ್ ತನ್ನ ಪಾಡಿಗೆ ಮುಗಿಯುತ್ತಿತ್ತು.

ಟ್ಯಾಂಕ್ ಬದಲಿಸುವವರೆಗೆ ಮೀಟರಿನ ಗಾಜಿನ ಮೇಲೆ ಕಾಲಿನ ಗೆರೆಗೆ ಸರಿಯಾಗಿ ಒಂದು ತುಂಡು ಕೆಂಪು ಟೇಪ್ ಅಂಟಿಸಿದ್ದೇನೆ. ಅಲ್ಲಿಗೆ ಖಾಲಿ. ಸುಟ್ಟ ಬಲ್ಬನ್ನು ಅದೇ ದಿನ ಹಾಕಿಸಿದೆ, ಗೇಟಿನ ಮುರಕಲ್ಲನ್ನು ಮರುದಿನ ಕಿತ್ತು ಹಾಕಿಸಿದೆ.